ಗೋಡೆಯ ಕೆಳಗಿನ ಕೌದಿ

ಹುಮನಾಬಾದ, ೧೪ ಮಾರ್ಚ್ ೧೯೪೯

ಸರ್ವರಿ,

ಉಂಡಿರೇನು? ಮೊದಲು ಇದನ್ನೇ ಕೇಳುತ್ತೇನೆ. ಮಿಕ್ಕ ಕ್ಷೇಮಸಮಾಚಾರವೆಲ್ಲ ಹೊಟ್ಟೆ ತುಂಬಿದವರ ಮಾತು.

ನಾನು ನಿನ್ನೆ ಸಂಜೆ ಮುಟ್ಟಿದೆ. ಲಾಲ್ ಅಹ್ಮದನ ಬಂಡಿಯ ಎತ್ತು ಅರ್ಧ ದಾರಿಯಲ್ಲಿ ಮಲಗಿಬಿಟ್ಟಿತು. ಅವನು ಬೀಡಿ ಹಚ್ಚಿಕೊಂಡು ನನಗೇ ಬುದ್ಧಿ ಹೇಳಿದ: "ಅಕ್ಕೋರೆ, ಊರ ಮಂದೀಗೆಲ್ಲ ಧರ್ಮ ಕೇಳಾಕ ಹೊಂಟೀರಿ. ಮೊದಲ ನನ್ನ ಎತ್ತಿಗಿ ಒಂದ್ ಹಿಡಿ ಹಿಂಡಿ ಧರ್ಮ ಮಾಡ್ರಿ, ಎದ್ದು ನಡೀತದ." ಮಾಡಿದೆ. ಎದ್ದಿತು. ಶಕುನ ಒಳ್ಳೆಯದೆಂದು ಅವನೇ ತೀರ್ಪು ಕೊಟ್ಟ.

ನಿನ್ನ ಮನೆಯಲ್ಲಿ ಸೇರಿರುವ ವಿಧವೆಯರಿಗೂ ಮಕ್ಕಳಿಗೂ ಧರ್ಮ ಕೇಳಲು ಇಲ್ಲಿ ಎರಡು ಬಾಗಿಲಿವೆ. ಒಂದು, ಕಾಳಿನ ಅಡತಿ ಅಂಗಡಿಯ ಕಾಶಿರಾಮ ಶೇಟಜಿಯ ಧರ್ಮಾದಾಯ ನಿಧಿ. ಇನ್ನೊಂದು, ನೆರವು ಕೊಡುವ ಇಸ್ಮಾಯಿಲ ವಕೀಲರ ಇಮ್ದಾದ್ ಕಮಿಟಿ. ಹೈದರಾಬಾದಿನ ದೊಡ್ಡ ಮನೆತನಗಳಿಂದ ಅವರಿಗೆ ಹಣ ಬರುತ್ತದೆ. ನಾಳೆಯಿಂದ ಎರಡೂ ಕಡೆ ಕೂರುತ್ತೇನೆ. ಭಿಕ್ಷೆ ಕೇಳುವವಳ ಹಾಗೆ ಕೂರುವುದಿಲ್ಲ, ಇದನ್ನು ಎಲ್ಲರಿಗೂ ಓದಿ ಹೇಳು. ಶೇಟಜಿಯ ಧರ್ಮಾದಾಯ ಎಲ್ಲಿಂದ ಬಂತು? ರೈತ ಜೋಳ ಮಾರಲು ತಂದಾಗ ಪ್ರತಿ ಚೀಲಕ್ಕೂ ಬೊಗಸೆ ಹಾಕಿ 'ಇದು ಧರ್ಮಕ್ಕೆ' ಎಂದು ತೆಗೆದಿಟ್ಟದ್ದು. ಕಮಳಾಬಾಯಿಯ ಗಂಡನ ಚೀಲಕ್ಕೂ ಆ ಬೊಗಸೆ ಬಿದ್ದಿದೆ, ವಜೀರಬಿಯ ಗಂಡನ ಚೀಲಕ್ಕೂ ಬಿದ್ದಿದೆ. ನಮ್ಮ ಜೋಳವನ್ನೇ ನಾವು ತಿರುಗಿ ಕೇಳುತ್ತಿದ್ದೇವೆ.

ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ.

ಹೋದ ವರ್ಷ ಬೇಸಿಗೆಯಲ್ಲಿ ರಜಾಕಾರರು ನನ್ನನ್ನು ಹುಡುಕಿಕೊಂಡು ಬಂದಾಗ, ನೀನು ನಿನ್ನ ಮನೆಯ ಹಗೇವಿನಲ್ಲಿ, ಆ ಕಾಳು ತುಂಬುವ ನೆಲಕುಣಿಯಲ್ಲಿ, ನನ್ನನ್ನು ಇಳಿಸಿ ಬಾಯಿಗೆ ಬಂಡೆ ಎಳೆದು ಅದರ ಮೇಲೆ ಕುಳಿತು ಬೇಳೆ ಆರಿಸಿದೆ. ಸಪ್ಟೆಂಬರಿನಲ್ಲಿ ಮಿಲಿಟರಿ ಬಂದ ಬೆನ್ನಿಗೆ, ನಮ್ಮವರೆನಿಸಿಕೊಂಡವರು ನಿನ್ನ ಗಂಡನನ್ನು ಕೊಂದು ನಿನ್ನ ಬಾಗಿಲಿಗೆ ಬಂದಾಗ, ಅದೇ ಕುಣಿ, ಅದೇ ಬಂಡೆ. ಮೇಲೆ ಕುಳಿತವಳು ನಾನು. ಅಂದಿನಿಂದ ಒಂದು ದಿನವೂ ನಿನ್ನನ್ನು ಬಿಟ್ಟು ಉಂಡಿರಲಿಲ್ಲ. ನಿನ್ನೆ ಉಂಡೆ.

ಮೃಗಶಿರ ಮಳೆ ಬೀಳುವುದರೊಳಗೆ ಬರುತ್ತೇನೆ.

ಗಯಾಬಾಯಿ


ಕಲ್ಯಾಣ, ೨೮ ಮಾರ್ಚ್ ೧೯೪೯

ಗಯಾಕ್ಕಾ,

ಉಂಡೆವು. ಸುಳ್ಳಲ್ಲ. ಅಂಬಲಿ ಕುಡಿದರೂ ಉಂಡ ಹಾಗೆಯೇ ಎಂದು ನೀನೇ ಹೇಳಿಕೊಟ್ಟಿದ್ದೀ.

ಬೀಸುವ ಕಲ್ಲಿನ ಮುಂದೆ ಹಿಟ್ಟಿನಲ್ಲಿ ಬೆರಳಾಡಿಸಿ ನಿನ್ನಿಂದ ಕಲಿತ ಅಕ್ಷರ ಇದು. ತಪ್ಪಾದರೆ ಅಂಗೈಯಿಂದ ಒರಸಿಬಿಡುತ್ತಿದ್ದೆ. ಕಾಗದದ ಮೇಲೆ ಒರಸಲು ಬರುವುದಿಲ್ಲ. ಅದಕ್ಕೇ ತಡವಾಯಿತು.

ಮನೆಯದೇ ಆದ ದೊಡ್ಡ ಕೌದಿಯನ್ನು ಹಚ್ಚಿದೆವು. ಇದು ಮಾರಲಿಕ್ಕಲ್ಲ, ಚಳಿಗಾಲಕ್ಕೆ ನಮ್ಮ ಮಕ್ಕಳೆಲ್ಲ ಒಂದರಡಿಯಲ್ಲೇ ಮಲಗಬೇಕು. ಕಮಳಾಬಾಯಿ ತನ್ನ ಗಂಡನ ಧೋತರ ಕೊಟ್ಟಳು. ವಜೀರಬಿ ಅವಳ ಗಂಡನ ಶೇರ್ವಾನಿಯ ಒಳಬಟ್ಟೆ ಬಿಚ್ಚಿದಳು. ನಾನು ನಮ್ಮವರ ಹಸಿರು ರುಮಾಲು ಕೊಟ್ಟೆ. ನಡುಪದರಕ್ಕೆ ನಿನ್ನ ಹಳೆಯ ಖಾದಿ ಸೀರೆ. ಕೇಳದೆ ತೆಗೆದುಕೊಂಡೆ, ಬೈಯಬೇಡ.

ಕೌದಿಗೆ ನಾಲ್ವರು ನಾಲ್ಕು ಮೂಲೆಗೆ ಕೂರಬೇಕು, ಅಂಚಿನಿಂದ ಒಳಗೊಳಗೆ ಹೊಲಿದು ನಡುವೆ ಸೇರಬೇಕು. ನಿನಗೆ ಗೊತ್ತು. ಕಮಳಾಬಾಯಿ, ವಜೀರಬಿ, ನಾನು ಕೂತೆವು. ಕೂತ ಗಳಿಗೆಯಿಂದಲೇ ಅವರಿಬ್ಬರದು ಶುರು.

"ವಜೀರಬಿ, ಇದೇನ್ ಹೊಲಿಗಿನೋ ಇರವಿ ಸಾಲೋ? ಡೊಂಕ ಹೊಂಟದ!"

"ನಿನ್ನ ಕಡಿಗೇ ಹೊಂಟದ ನೋಡವಾ. ಅದಕ್ಕ ಡೊಂಕ ಆಗ್ಯಾದ."

ನಾಲ್ಕನೆಯ ಮೂಲೆ ನಿನ್ನದು. ದ್ರೌಪತಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂರಲು ಬಂದಳು, ನಾನು ಬೇಡವೆಂದೆ. ದಾರ ಪೋಣಿಸಿ ಸೂಜಿ ಚುಚ್ಚಿಟ್ಟಿದ್ದೇನೆ. ಕಮಳಾಬಾಯಿ, "ಆಕಿ ಬರೋದ್ರೊಳಗ ಆ ಸೂಜಿಗಿ ಮಕ್ಕಳಾಗ್ತಾವ" ಅಂತಾಳೆ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬರೆಯುತ್ತೇನೆ.

ಹಗೇವಿನ ತಳ ಕಾಣುತ್ತಿದೆ, ಅಕ್ಕಾ. ಏನಾದರೂ ಕಳಿಸು. ಕಳಿಸಲಾಗದಿದ್ದರೆ ನೀನೇ ಬಾ.

ಸರ್ವರಿ


ಹುಮನಾಬಾದ, ೧೬ ಏಪ್ರಿಲ್ ೧೯೪೯

ಸರ್ವರಿ,

ಉಂಡಿರೇನು ಎಂದು ಕೇಳಲು ಈ ಸಲ ನನಗೆ ಧೈರ್ಯವಿದೆ. ಕೊನೆಯವರೆಗೂ ಓದು. ಎಲ್ಲರನ್ನೂ ಕೂರಿಸಿಕೊಂಡು ಓದು.

ದಿನಗಟ್ಟಲೆ ಕೂತ ಮೇಲೆ ಕಾಶಿರಾಮ ಶೇಟಜಿ ಒಳಗೆ ಕರೆದರು. ನಿಲ್ಲಿಸಿಯೇ ಮಾತಾಡಿಸಿದರು.

"ರಜಾಕಾರರಿಂದ ನೊಂದ ಹಿಂದೂ ಹೆಣ್ಮಕ್ಕಳು ಎಷ್ಟ್ ಮಂದಿ ಅದಾರವ್ವಾ?"

"ಮನ್ಯಾಗ ಹನ್ನೊಂದು ಮಂದಿ ಇದ್ದೇವ್ರಿ."

"ಅಲ್ಲವ್ವಾ, ಹಿಂದೂ ಎಷ್ಟು?"

"ಹಸದವರು ಹನ್ನೊಂದ್ರಿ."

"ನಿನಗ ಲೆಕ್ಕ ಬರಂಗಿಲ್ಲೇನು?"

ಅಲ್ಲಿಂದ ಇಸ್ಮಾಯಿಲ ವಕೀಲರಲ್ಲಿಗೆ ಹೋದೆ. ಅವರು ಸಭ್ಯರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ನಿನ್ನ ಗಂಡನಿಗಾಗಿ ಕಣ್ಣು ಒರಸಿಕೊಂಡರು. ಆಮೇಲೆ ಕೇಳಿದರು: "ಬೆಹೆನಜಿ, ಅದರೊಳಗ ನಮ್ಮ ಬೇವಾಗಳು, ನಮ್ಮ ವಿಧವಾ ಹೆಣ್ಮಕ್ಕಳು, ಎಷ್ಟು?" ಒಬ್ಬ ನಿಲ್ಲಿಸಿ ಕೇಳಿದ, ಇನ್ನೊಬ್ಬರು ಕೂರಿಸಿ ಕೇಳಿದರು. ಕೇಳಿದ್ದು ಒಂದೇ.

ಹಸಿವಿಗೆ ಜನಿವಾರವೂ ಇಲ್ಲ, ಸುನ್ನತ್ತೂ ಇಲ್ಲ. ಇದನ್ನು ಅವರ ಮುಖಕ್ಕೆ ಹೇಳಿ ಎದ್ದು ಬರಬಹುದಿತ್ತು. ಮೊದಲಾಗಿದ್ದರೆ ಬರುತ್ತಿದ್ದೆ. ನೀನು ಬರೆದ ಹಗೇವಿನ ತಳ ಕಣ್ಣ ಮುಂದಿತ್ತು. ಆಗ ಒಂದು ಉಪಾಯ ಹೊಳೆಯಿತು. ನಿನ್ನ ಮನೆಗೆ ಎರಡು ಬಾಗಿಲಿವೆ, ಬೀದಿಗೊಂದು, ಓಣಿಗೊಂದು. ಎರಡು ಅರ್ಜಿ ಬರೆದೆ. ಬೀದಿ ಬಾಗಿಲಿಗೆ 'ನೊಂದ ಹಿಂದೂ ಅಬಲಾಶ್ರಮ'. ಓಣಿ ಬಾಗಿಲಿಗೆ 'ಮುಸ್ಲಿಂ ಬೇವಾ ಖಾನಾ'. ಎರಡೂ ಮಂಜೂರಾದವು!

ಕಾಗದದ ಮೇಲೆ ಎರಡು ಮನೆ. ಒಲೆ ಒಂದೇ. ಊರವರು ನಮ್ಮನ್ನು 'ರಂಡೇರ ಮನಿ' ಎಂದು ಕರೆದರೂ ನಾವು ಕೌದಿ ಮನೆಯೇ ಅಲ್ಲವೇ? ಇನ್ನೂ ಎರಡು ಹೆಸರಿನಿಂದ ಏನಾಗುತ್ತದೆ? ದೊಡ್ಡವರಿಗೆ ಅವರ ಲೆಕ್ಕ, ನಮ್ಮ ಮಕ್ಕಳಿಗೆ ರೊಟ್ಟಿ. ಕಮಳಾಬಾಯಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಇಲ್ಲಿಂದಲೇ ನನಗೆ ಕೇಳಿಸುತ್ತಿದೆ.

ಗಯಾಬಾಯಿ


ಕಲ್ಯಾಣ, ೧೦ ಮೇ ೧೯೪೯

ಗಯಾಕ್ಕಾ,

ಉಂಡೆವು. ಈ ಸಲ ಬೆಲ್ಲ ಹಚ್ಚಿಕೊಂಡು ಉಂಡೆವು. ವಜೀರಬಿಯ ಸಣ್ಣವನು ಚೀಲದ ಹೊಲಿಗೆಗೆ ಅಂಟಿದ್ದ ಬೆಲ್ಲವನ್ನೂ ನೆಕ್ಕಿದ.

ಎರಡು ಬಂಡಿ ಒಂದೇ ದಿನ ಬಂದವು. ಲಾಲ್ ಅಹ್ಮದನದು ಬೀದಿಗೆ, ಬೇರೊಬ್ಬನದು ಓಣಿಗೆ. ಲಾಲ್ ಅಹ್ಮದ ತಲೆ ಕೆರೆದುಕೊಂಡು, "ಒಂದ ಮನಿಗಿ ಎರಡ ಬಂಡಿ! ಮನ್ಯಾಗ ಮದವಿ ಅದ ಏನು?" ಎಂದ. ಕೊಟ್ಟವರ ಹೆಸರು ಬರೆದ ಎರಡು ಬೋರ್ಡುಗಳೂ ಬಂದವು. ಕಟ್ಟಿದೆವು. ಓದಲು ಬರುವವಳು ನಾನೊಬ್ಬಳೇ, ಆದ್ದರಿಂದ ನನಗೊಬ್ಬಳಿಗೇ ಕಾಣಿಸುತ್ತವೆ.

ನೀನು ಅಂದಂತೆ ಕಮಳಾಬಾಯಿ ನಕ್ಕಳು.

ಮರುದಿನ ಬೀಸಲು ಕೂತಾಗ ವಜೀರಬಿ ಕೇಳಿದಳು: "ಇವತ್ತ ಯಾರ ಚೀಲ ಬಿಚ್ಚೋದು?" ಈ ಮನೆಯಲ್ಲಿ ಹಾಗೆ ಕೇಳಿದ್ದು ಇದೇ ಮೊದಲು. ಆಮೇಲೆ ಕಮಳಾಬಾಯಿ ಎರಡನ್ನೂ ಬಿಚ್ಚಿ ಬೆರೆಸಿದಳು. ಇದು ದೊಡ್ಡ ಸುದ್ದಿಯಲ್ಲ. ನೀನು ಎಲ್ಲ ಬರೆ ಅಂದಿದ್ದೀ ಎಂದು ಬರೆದೆ.

ಕೌದಿಯ ಮೂರು ಮೂಲೆ ಗೇಣು ಗೇಣು ಒಳಗೆ ಬಂದಿವೆ. ನಿನ್ನದು ಹಾಗೇ ಇದೆ. ಆಕಾಶದಲ್ಲಿ ಮೋಡ ಆಡುತ್ತಿವೆ. ಮೃಗಶಿರ ದೂರವಿಲ್ಲ.

ಸರ್ವರಿ


ಹುಮನಾಬಾದ, ೨೦ ಜೂನ್ ೧೯೪೯

ಸರ್ವರಿ,

ಉಂಡಿರೇನು? ಬೆಲ್ಲ ನೆಕ್ಕಿದ ಸಣ್ಣವನ ಸುದ್ದಿಯನ್ನು ಎಷ್ಟು ಸಲ ಓದಿದೆನೋ. ನೀವು ಸುಖವಾಗಿದ್ದೀರಿ. ಗೆದ್ದೆವು ನಾವು.

ಮೃಗಶಿರ ಬಿತ್ತು. ನಾನು ಬರಲಿಲ್ಲ. ಇಲ್ಲಿ ಕೆಲಸ ಮುಗಿದಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳಬೇಡ. ಶೇಟಜಿಯ ಕಚೇರಿಯಲ್ಲಿ ಊರೂರಿನ ಅರ್ಜಿ ಬರೆಯುತ್ತೇನೆ. ಘಾಟಬೋರಾಳದ ಸಾಲೆಯವರು ಬರುತ್ತಾರೆ, ದುಬಲಗುಂಡಿಯ ಅನಾಥ ಮಕ್ಕಳ ಕಡೆಯವರು ಬರುತ್ತಾರೆ. ಈ ವಿದ್ಯೆ ಕೈಗೆ ಹತ್ತಿದೆ. ಅಳು ಎಷ್ಟಿದ್ದರೆ ದೊಡ್ಡವರ ಮನಸ್ಸು ಕರಗುತ್ತದೆ, ಎಲ್ಲಿ ಹೆಚ್ಚಾದರೆ ಬೇಸರಪಡುತ್ತಾರೆ, ಎಲ್ಲ ತಿಳಿದಿದೆ. ಸಿಟ್ಟನ್ನು ಮಾತ್ರ ಎಲ್ಲೂ ಬರೆಯಬಾರದು. ಸಿಟ್ಟಿದ್ದ ಅರ್ಜಿ ಮೊದಲ ಸಾಲಿಗೇ ಬುಟ್ಟಿಗೆ ಬೀಳುತ್ತದೆ.

ಈಗ ಮುಖ್ಯ ಮಾತು. ಶೇಟಜಿ ಕಣ್ಣಾರೆ ನೋಡಿ ಬರುತ್ತೇನೆಂದು ಹೊರಟಿದ್ದಾರೆ. ಅವರ ಹಿಂದೆಯೇ ವಕೀಲರೂ ಬರುತ್ತಾರೆ, ಬೇರೆ ದಿನ. ಶೇಟಜಿ ಬಂದಾಗ ವಜೀರಬಿ, ನೀನು, ನಿಮ್ಮ ಮಕ್ಕಳು ಹಿಂದಿನ ದನದ ಕೊಟ್ಟಿಗೆಯಲ್ಲಿರಿ. ವಕೀಲರು ಬಂದಾಗ ಕಮಳಾಬಾಯಿ, ದ್ರೌಪತಿ, ಉಳಿದವರು ಅಲ್ಲಿರಲಿ. ನೀನೂ ನಾನೂ ಹಗೇವಿನಲ್ಲಿ ಜೀವ ಉಳಿಸಿಕೊಂಡವರು, ಕೊಟ್ಟಿಗೆ ಯಾವ ಲೆಕ್ಕ? ಒಂದೊಂದು ಗಳಿಗೆಯ ಸೋಗು. ನಗುತ್ತಾ ಮಾಡಿ ಮುಗಿಸಿ.

ಗಯಾಬಾಯಿ


ಕಲ್ಯಾಣ, ೧೮ ಜುಲೈ ೧೯೪೯

ಗಯಾಬಾಯಿಯವರಿಗೆ,

ಉಂಡೆವು. ಬೇರೆ ಬೇರೆ ಉಂಡೆವು.

ತಾವು ಬರೆದ ಹಾಗೆಯೇ ಮಾಡಿದೆವು. ಇಬ್ಬರೂ ದೊಡ್ಡವರು ಬಂದು ನೋಡಿ ಹೋದರು. ಎರಡೂ ಬಾಗಿಲ ಬೋರ್ಡು ಓದಿದರು, ಎರಡು ಮನೆಯ ನಡುವೆ ಗೋಡೆ ಇಲ್ಲದಿರುವುದು ಇಬ್ಬರಿಗೂ ಸರಿ ಕಾಣಲಿಲ್ಲ. ಗೋಡೆಯಾದರೆ ಮುಂದಿನ ಕಾಳು ಎಂದರು. ಗೌಂಡಿಯನ್ನು ಅವರೇ ಕಳಿಸಿದರು. ಗೋಡೆ ಅಂಗಳದ ನಡುವೆ ನೆಟ್ಟಗೆ ಬಂದಿದೆ. ಹಗೇವು, ಬೀಸುವ ಕಲ್ಲು ಆ ಕಡೆ, ಕಮಳಾಬಾಯಿಯವರತ್ತ, ಹೋದವು. ಬಾವಿ ಈ ಕಡೆ ಉಳಿಯಿತು.

ಕಾಳು ಸಾಕಷ್ಟಿದೆ. ತಾವು ಸುಖವಾಗಿದ್ದೀರೆಂದು ತಿಳಿದಿದ್ದೇನೆ.

ಸರ್ವರಿ


ಹುಮನಾಬಾದ, ೧೨ ಅಕ್ಟೋಬರ್ ೧೯೪೯

ಸರ್ವರಿ,

'ತಾವು' ಎಂದು ಬರೆದೆಯಲ್ಲ. ಗೋಡೆಗಿಂತ ಅದು ಎತ್ತರ.

ಶ್ರಾವಣದಲ್ಲಿ ಬರೆದೆ, ನೀನು ಉತ್ತರಿಸಲಿಲ್ಲ. ಗಣಪತಿ ಹಬ್ಬಕ್ಕೆ ಬರೆದೆ, ಉತ್ತರವಿಲ್ಲ. ದಸರೆಗೆ ಬನ್ನಿ ಎಲೆಯನ್ನು ಲಕೋಟೆಯಲ್ಲಿಟ್ಟು ಕಳಿಸಿದೆ, ಅದಕ್ಕೂ ಇಲ್ಲ. ಕೊನೆಗೆ ನಿನ್ನೆ ಲಾಲ್ ಅಹ್ಮದನನ್ನು ಬಜಾರದಲ್ಲಿ ಹಿಡಿದು ನಿಲ್ಲಿಸಿದೆ.

"ಗ್ವಾಡಿ ಹ್ಯಾಂಗ ಅದನೋ?"

"ಭಾಳ ಚಂದ ಅದರಿ ಅಕ್ಕೋರೆ. ಬೆಕ್ಕು ಸುದ್ದಾ ಹಾರಲಾರದ ತಿರುಗಿ ಹೋಗ್ತದ."

"ಚಾಷ್ಟಿ ಬ್ಯಾಡ. ಏನಾಗ್ಯಾದ ಹೇಳು."

ಅವನು ಹೆಗಲ ವಸ್ತ್ರ ಬಿಚ್ಚಿ ಮತ್ತೆ ಹಾಕಿಕೊಂಡ. ಆಮೇಲೆ ಹೇಳಿದ. ನೀನು ಬರೆಯದೇ ಬಿಟ್ಟದ್ದನ್ನೆಲ್ಲ ಹೇಳಿದ. ಶೇಟಜಿ ಬಂದದ್ದು ರಂಜಾನಿನಲ್ಲಿ. ವಜೀರಬಿ ರೋಜಾ ಹಿಡಿದು, ಸೋರುವ ಕೊಟ್ಟಿಗೆಯಲ್ಲಿ, ಕೆಮ್ಮುವ ಮಗನ ಬಾಯಿಗೆ ಸೆರಗು ಒತ್ತಿ ಕೂತಿದ್ದಳಂತೆ. ಶೇಟಜಿ ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಾ, ಮೂಲೆಯಲ್ಲಿದ್ದ, ನಮಾಜಿಗೆ ಕೈಕಾಲು ತೊಳೆಯುವ ಅವಳ ಕೊಂಡಿ ತಂಬಿಗೆಯನ್ನು ನೋಡಿ, "ಇದ್ಯಾರದವ್ವಾ?" ಎಂದರಂತೆ. ಕಮಳಾಬಾಯಿ ಏನು ಹೇಳಲೆಂದು ತಿಳಿಯದೆ, "ಹಳೇ ಬಾಡಗಿ ಮಂದೀದ್ರಿ. ಬಿಟ್ಟು ಹೋಗ್ಯಾರ" ಎಂದಳಂತೆ. ವಜೀರಬಿಗೆ ಕೇಳಿಸಿತು. ವಕೀಲರು ಬಂದ ದಿನ ಕಮಳಾಬಾಯಿ ಕೊಟ್ಟಿಗೆಯಲ್ಲಿ. ಹೊಸ್ತಿಲಿನ ರಂಗೋಲಿ ನೋಡಿ ಅವರು ಕೇಳಿದರೆ ವಜೀರಬಿ, "ಕಸ ಬಳಿಯೋಕಿ ಹಾಕ್ಯಾಳ್ರಿ" ಎಂದಳು. ಅದೂ ಕೇಳಿಸಿತು.

"ಗೌಂಡಿ ಬರೋಕಿಂತ ಮೊದಲ ಗ್ವಾಡಿ ಎದ್ದಿತ್ರಿ" ಎಂದ ಲಾಲ್ ಅಹ್ಮದ. "ಆಂವ ಬರೇ ಕಲ್ಲು ಇಟ್ಟ."

ಒಬ್ಬಳು ಬಾಡಿಗೆಯವಳಾದಳು, ಒಬ್ಬಳು ಕಸದವಳಾದಳು. ಆ ಮಾತು ಅವರ ಬಾಯಿಗೆ ಬಂದದ್ದು ನನ್ನ ಅರ್ಜಿಯಿಂದ. ದೊಡ್ಡವರು ಎರಡು ಮನೆ ಮಾಡಲಿಲ್ಲ, ಸರ್ವರಿ. ನಾನು ಮಾಡಿಕೊಟ್ಟೆ. ಅವರು ಹೊಸ್ತಿಲು ದಾಟಿ ಒಳಗೆ ಬಂದರು ಅಷ್ಟೆ.

ಓಡಿ ಬರಬೇಕೆನ್ನಿಸಿತು. ಆಗಲ್ಲ. ಯಾಕೆಂದು ಈಗ ಕೇಳಿಕೋ. ಅರ್ಜಿ ಮಂಜೂರಾದ ದಿನವೇ ಶೇಟಜಿ ಹೇಳಿದ್ದರು: ನಾನು ಅವರ ಕಚೇರಿಯಲ್ಲಿ ಬರೆಯುತ್ತಾ ಕೂತಿರುವವರೆಗೆ ಮಾತ್ರ ಕಾಳು. ನಾನು ಎದ್ದರೆ ಬಂಡಿ ನಿಲ್ಲುತ್ತದೆ. ನಿಮ್ಮ ರೊಟ್ಟಿಗೆ ನನ್ನನ್ನು ಒತ್ತೆ ಇಟ್ಟುಕೊಂಡಿದ್ದಾರೆ. ಹೇಳಿದ್ದರೆ ನೀನು ಆ ರೊಟ್ಟಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ.

ಬೈದಾದರೂ ಬರೆ. 'ನೀನು' ಎಂದು ಬೈ.

ಗಯಾಬಾಯಿ


ಕಲ್ಯಾಣ, ೨೧ ಡಿಸೆಂಬರ್ ೧೯೪೯

ಗಯಾಕ್ಕಾ,

ನಿನ್ನ ಅಕ್ಟೋಬರಿನ ಕಾಗದಕ್ಕೆ ಅಂದೇ ಉತ್ತರ ಬರೆದಿದ್ದೆ. ಬೈದೇ ಬರೆದಿದ್ದೆ. ಓದಿ ನೋಡಿದೆ, ಬೈಗುಳವೆಲ್ಲ ನನಗೇ ತಿರುಗಿತ್ತು. ಗೋಡೆ ನನ್ನ ಮನೆಯಲ್ಲಿ ಎದ್ದಿತು. ನಾನು ಬಾವಿಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ, ಬೇಡ ಅನ್ನಲಿಲ್ಲ. ಒಲೆಗೆ ಹಾಕಿದೆ ಆ ಕಾಗದವನ್ನು.

ಈಗ ಕೌದಿಯ ಸುದ್ದಿ ಕೇಳು.

ಗೋಡೆಯಾದ ಮೇಲೆ ಅರ್ಧ ಹೊಲಿದ ಕೌದಿ ಯಾರದೆಂದು ಜಗಳ ಬಿತ್ತು. ಚಳಿ ಬಂದಿತ್ತು, ಎರಡೂ ಕಡೆ ಮಕ್ಕಳಿದ್ದವು. ದ್ರೌಪತಿ, "ನಡಬರಕ ಕತ್ತರಿಸ್ರಿ, ಅರ್ಧಾ ಅರ್ಧಾ ತಗೋರಿ" ಎಂದು ಕತ್ತರಿ ತಂದಿಟ್ಟಳು. ಬೀದಿಯಲ್ಲಿ ಹಾಸಿ ನೋಡಿದೆವು. ಕಮಳಾಬಾಯಿಯ ಗಂಡನ ಧೋತರ ನಮ್ಮ ಕಡೆಯ ಅರ್ಧದಲ್ಲಿ ಬಂದಿತ್ತು. ವಜೀರಬಿಯ ಗಂಡನ ಶೇರ್ವಾನಿ ಬಟ್ಟೆ ಅವರ ಕಡೆಯದರಲ್ಲಿ. ಹೊಲಿಯುವಾಗ ಯಾರು ಅದನ್ನು ನೋಡಿರುತ್ತಾರೆ? ಕಮಳಾಬಾಯಿ ಕತ್ತರಿ ಹಿಡಿದಳು. ಧೋತರದ ಕೆಂಪು ಅಂಚಿನ ಮೇಲೆ ಕೈಯಾಡಿಸಿದಳು. ಕತ್ತರಿಯನ್ನು ವಜೀರಬಿಯ ಮುಂದೆ ತಳ್ಳಿದಳು. ವಜೀರಬಿ ಮುಟ್ಟಲಿಲ್ಲ.

ಗೋಡೆಯ ಬುಡದಲ್ಲಿ ಬಚ್ಚಲ ನೀರು ಹೋಗಲು ಗೌಂಡಿ ಒಂದು ಕಂಡಿ ಬಿಟ್ಟಿದ್ದಾನೆ. ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತೂರಿಸಿದೆವು. ಅರ್ಧ ಆ ಕಡೆ, ಅರ್ಧ ಈ ಕಡೆ. ಆ ಕಡೆ ಮೂರು ಕೂಸು ಅದರಡಿ ಮಲಗುತ್ತವೆ, ಈ ಕಡೆ ನಾಲ್ಕು. ಒಂದು ಕಡೆಯವು ಮಗ್ಗುಲು ಬದಲಿಸಿದರೆ ಇನ್ನೊಂದು ಕಡೆಯವು ಎಳೆಯುತ್ತವೆ. ಹಗಲು ಕೂತು ಹೊಲಿಯುತ್ತೇವೆ, ಅವರವರ ಕಡೆಯಿಂದ. ಮೊದಮೊದಲು ಬರೀ ಸೂಜಿಯ ಸದ್ದು.

ಮೊನ್ನೆ ಎಳ್ಳ ಅಮಾಸಿ. ಕಮಳಾಬಾಯಿ ಬಜ್ಜಿ, ಸಜ್ಜಿ ಕಡುಬು ಮಾಡಿದ್ದಳು. ವಾಸನೆಗೆ ಗೋಡೆಯಿಲ್ಲ. ವಜೀರಬಿಯ ಸಣ್ಣವನು ಕಂಡಿಗೆ ಬಾಯಿಟ್ಟು, "ದೊಡವ್ವಾ, ನನಗ?" ಎಂದ. ಸ್ವಲ್ಪ ಹೊತ್ತಿಗೆ ಕೌದಿಯ ಮೇಲೆ ಜಾರಿಕೊಂಡು ಒಂದು ತಾಟು ಬಂತು.

ವಜೀರಬಿ ಕಂಡಿಯ ಕಡೆ ಬಾಗಿ ಕೇಳಿದಳು: "ಬಾಡಗಿ ಮಂದಿಗೂ ಕಡುಬು ಕೊಡ್ತೀ ಏನವಾ?"

ಆ ಕಡೆಯಿಂದ ಕಮಳಾಬಾಯಿಯ ದನಿ: "ಕಸ ಬಳಿಯೋಕಿ ಮಾಡಿದ್ದು. ಉಪ್ಪು ಕಡಿಮಿ ಆದ್ರ ಬೈಬ್ಯಾಡ."

"ಉಪ್ಪು ಜಾಸ್ತೀನೇ ಆಗ್ಯಾದ."

"ಅದು ಕಣ್ಣೀರಿಂದ ಇರಬೇಕ್. ತಿನ್ನು ಸುಮ್ಮನ."

ಈಗ ದಿನವಿಡೀ ಕಂಡಿಯಲ್ಲಿ ಅವರದೇ ಜಗಳ. ಕಿವಿಗೆ ಹಬ್ಬ.

ಆದರೆ ಕೌದಿಯ ನಡುವಿನ ಒಂದು ಮೊಳ ಗೋಡೆಯ ಕೆಳಗಿದೆ. ಅಲ್ಲಿಗೆ ಯಾರ ಸೂಜಿಯೂ ಮುಟ್ಟುವುದಿಲ್ಲ. ಹೊಲಿಗೆ ಬೀಳದ ಬಟ್ಟೆ ಒಳಗೆ ಮುದ್ದೆಯಾಗುತ್ತದೆ. ಕೈ ತೂರಿಸಿ ನೋಡಿದೆ. ಮುದ್ದೆಯಾದದ್ದು ನಿನ್ನ ಖಾದಿ.

ನಿನ್ನ ಮೂಲೆ ಆ ಕಡೆ ಇದೆ. ಸೂಜಿ ಇದೆಯೇನೇ ಎಂದು ಕಮಳಾಬಾಯಿಯನ್ನು ದಿನಾ ಕೇಳುತ್ತೇನೆ. ಇದೆಯಂತೆ.

ಸರ್ವರಿ


ಹುಮನಾಬಾದ, ೯ ಜನವರಿ ೧೯೫೦

ಸರ್ವರಿ,

ನಿನ್ನ ಕಾಗದ ಓದಿದ ಮೇಲೆ ನನ್ನ ಬಾಯಿಗೆ ಬೀಗ ನಿಲ್ಲದಾಯಿತು.

ಇದೇ ಇಪ್ಪತ್ತಾರಕ್ಕೆ ದೇಶಕ್ಕೆ ಸಂವಿಧಾನ ಬರುತ್ತದೆ. ಶೇಟಜಿ ಬಾವುಟದ ಕೆಳಗೆ ಭಾಷಣ ಮಾಡುತ್ತಾರೆ. ಬರೆದುಕೊಡಬೇಕಾದವಳು ನಾನು. ಬೆಳಿಗ್ಗೆ 'ಈ ನೆಲದಲ್ಲಿ ಎಲ್ಲರೂ ಸಮಾನರು' ಎಂದು ಭಾಷಣಕ್ಕೆ ಬರೆದೆ. ಮಧ್ಯಾಹ್ನ ಅದೇ ಲೇಖಣಿಯಿಂದ 'ಈ ಸಂಸ್ಥೆಯಲ್ಲಿ ಅನ್ಯಮತೀಯರು ಯಾರೂ ಇಲ್ಲ' ಎಂದು ಅರ್ಜಿಗೆ ಬರೆದೆ. ಕೈ ನಿಂತಿತು. ಒಳಗೆ ಹೋಗಿ ಕೇಳಿದೆ: "ಶೇಟಜಿ, ಎರಡರಾಗ ಯಾವುದು ಖರೇ?"

"ಎರಡೂ ಖರೇನವ್ವಾ. ಒಂದು ಓದೋದು, ಒಂದು ಮಾಡೋದು."

ಎಷ್ಟು ಸಲೀಸಾಗಿ ಹೇಳಿದರು! ಬಸವಣ್ಣನ ಕಲ್ಯಾಣದಲ್ಲಿ, ಎಲ್ಲ ಜಾತಿಯವರು ಒಟ್ಟಿಗೆ ಕೂತು ಮಾತಾಡಿದ ಊರಿನಲ್ಲಿ, ಜೋಳದ ಚೀಲ ತೋರಿಸಿ ಗೋಡೆ ಎಬ್ಬಿಸಿದವರು ಇವರು. ವಕೀಲರನ್ನೂ ಕೇಳಿದೆ. ಅವರು ಕನ್ನಡಕ ತೆಗೆದು, "ನೀವು ಹೇಳೋದು ದಿಲ್‌ಗೆ ಒಪ್ಪತದ ಬೆಹೆನಜಿ, ಕಮಿಟಿಗೆ ಒಪ್ಪಂಗಿಲ್ಲ" ಎಂದರು.

ಹೊಸ ಅರ್ಜಿ ಬರೆಯಬೇಕೆಂದಿದ್ದೇನೆ. ಒಂದೇ ಅರ್ಜಿ, ಇಬ್ಬರಿಗೂ. ಹನ್ನೊಂದು ಮಂದಿಯ ಹೆಸರೂ ಅದರಲ್ಲಿರುತ್ತದೆ, ಸಿಟ್ಟೂ ಇರುತ್ತದೆ. ಒಂದು ಮನೆ, ಒಂದು ಒಲೆ; ಕೊಡುವುದಾದರೆ ಹೀಗೆ ಕೊಡಿ. ಕೊಡುವುದಿಲ್ಲ, ನನಗೆ ಗೊತ್ತು. ಎರಡೂ ಬಂಡಿ ನಿಲ್ಲುತ್ತವೆ. ನನ್ನ ಕೆಲಸ ಹೋಗುತ್ತದೆ. ಅದು ಹೋದರೆ ಒತ್ತೆ ಬಿಡಿಸಿಕೊಂಡ ಹಾಗೆ. ಆದರೆ ನಿಲ್ಲುವುದು ಮಕ್ಕಳ ರೊಟ್ಟಿ, ಅದು ನನ್ನದಲ್ಲ. ಹೋದ ಸಲ ಯಾರನ್ನೂ ಕೇಳದೆ ಬರೆದೆ. ಈ ಸಲ ಕೇಳುತ್ತಿದ್ದೇನೆ. ಕಂಡಿಯ ಎರಡೂ ಕಡೆ ಕೇಳಿಸುವಂತೆ ಓದು. ಬೇಡ ಎಂದರೆ ಬರೆಯುವುದಿಲ್ಲ, ಇಲ್ಲೇ ಕೂತಿರುತ್ತೇನೆ. ಗೋಡೆಯ ಆ ಕಡೆಯಾದರೂ ಸರಿ, ನಿನ್ನ ಊಟದ ಸದ್ದು ಕೇಳಬೇಕೆಂಬ ಆಸೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈ ಕೊನೆಯ ಮಾತು ಅವರಿಗೆ ಓದಬೇಡ.

ಗಯಾಬಾಯಿ


ಕಲ್ಯಾಣ, ೨೭ ಜನವರಿ ೧೯೫೦

ಗಯಾಕ್ಕಾ,

ಎಲ್ಲವನ್ನೂ ಓದಿದೆ. ಓದಬೇಡ ಅಂದದ್ದನ್ನೂ ಓದಿದೆ. ಗೋಡೆಯ ಎರಡೂ ಕಡೆ ಯಾರೂ ನಗಲಿಲ್ಲ.

ದ್ರೌಪತಿ ಬೇಡ ಎಂದಳು. "ಗ್ವಾಡಿ ಇದ್ರ ಇರ್ಲಿ. ಕೂಸಿಗಿ ಹಾಲಿನ ಗತಿ ಏನು?" ಎಂದಳು. ಅವಳನ್ನು ಯಾರೂ ಬೈಯಲಿಲ್ಲ. ಆಗ ಕಮಳಾಬಾಯಿ ಆ ಕಡೆಯಿಂದ ಕೂಗಿದಳು: "ವಜೀರಬಿ, ಚಪ್ಪಲಿ ಹಾಕ್ಕೋ. ಮಂಠಾಳ ಸಂತಿಗಿ ಹೋಗೂಣು."

ಮಾರುವ ಕೌದಿಗಳನ್ನು ತಲೆಯ ಮೇಲೆ ಹೊತ್ತು ಇಬ್ಬರೂ ಹೋದರು. ಗೋಡೆಯ ಕತೆಯನ್ನು ಸಂತೆಯಲ್ಲಿ ನಿಂತು ಹೇಳಿದರಂತೆ. ಹೊಸ ಜೋಳ ತಂದಿದ್ದ ಒಬ್ಬ ರೈತ ಕೇಳಿದ: "ಅಡತಿಯೊಳಗ ಚೀಲಕ್ಕೊಂದು ಬೊಗಸಿ ಧರ್ಮಾದಾಯ ತೆಗೀತಾರಲ್ಲ, ಅದು ನಿಮ್ಮಂಥವರಿಗಿ ಬರ್ತದಂತ ತಿಳಿದಿದ್ದೆವಲ್ಲವ್ವಾ?"

ಕಮಳಾಬಾಯಿ ಅಂದಳು: "ಬರ್ತದ್ರಿ. ಗ್ವಾಡಿ ಸಮೇತ ಬರ್ತದ."

ಅವನು ಚೀಲದ ಬಾಯಿ ಬಿಚ್ಚಿ ಬೊಗಸೆ ಸುರಿದ. ಪಕ್ಕದವನೂ ಸುರಿದ. ಕೆಲವರು ಕೌದಿ ಕೊಂಡು ಬದಲಿಗೆ ಕಾಳು ಕೊಟ್ಟರು. ಎಲ್ಲರೂ ಅಲ್ಲ. "ನಿನ್ನ ಜೋಡಿ ಆಕಿ ಯಾಕ?" ಎಂದು ಮುಖ ತಿರುಗಿಸಿದವರೂ ಇದ್ದರು, ಇಬ್ಬರನ್ನೂ ಕೇಳಿದರು. ಹಗೇವಿನ ತಳ ಮುಚ್ಚಿದೆ, ಅಷ್ಟೇ. ಬೇಸಿಗೆ ಹೇಗೆ ದಾಟುತ್ತದೋ ಗೊತ್ತಿಲ್ಲ. ದ್ರೌಪತಿ ಕೂಸನ್ನೆತ್ತಿಕೊಂಡು ತವರಿಗೆ ಹೋದಳು. ಹೋಗುವಾಗ ಅತ್ತಳು. ತಿರುಗಿ ಬಂದರೆ ಜಾಗ ಇರುತ್ತದೆ ಎಂದೆ.

ಅರ್ಜಿ ಬರೆ. ಸಿಟ್ಟು ಕಡಿಮೆಯಾಗದಿರಲಿ.

ನಿನ್ನೆ ಊರಲ್ಲಿ ಬಾವುಟ ಏರಿಸಿದರು. ನಾವು ಬೋರ್ಡು ಇಳಿಸಿದೆವು. ಒಲೆಗೆ ಹಾಕಿದಾಗ ಕಮಳಾಬಾಯಿ ಅಂದಳು, "ಶೇಟಜಿ ಹೆಸರು ಚಲೋ ಉರೀತದ." ವಜೀರಬಿ ಕಣ್ಣುಜ್ಜಿಕೊಂಡು ಅಂದಳು, "ವಕೀಲರದು ಬರೇ ಹೊಗಿ."

ಗೋಡೆ ಇನ್ನೂ ನಿಂತಿದೆ. ಕಂಡಿಯ ಸುತ್ತಲಿನ ಕಲ್ಲನ್ನು ಮಾತ್ರ ಕಿತ್ತೆವು, ಕೌದಿ ಚಪ್ಪಟೆಯಾಗಿ ಹಾಸುವಷ್ಟು, ಒಬ್ಬ ಹೆಂಗಸು ಬಾಗಿ ಕೂರುವಷ್ಟು. ಉಳಿದ ಕಲ್ಲುಗಳಿಗೆ ನೀನಿರಬೇಕು. ನೀನು ಕೈ ಹಚ್ಚದೆ ಬೀಳುವ ಗೋಡೆ ಅಲ್ಲ ಅದು.

ನಿನ್ನ ಮೂಲೆಯನ್ನು ಕೊನೆಗೂ ಕಣ್ಣಾರೆ ಕಂಡೆ. ಸೂಜಿ ಹಾಗೇ ಇದೆ. ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಬಟ್ಟೆಗೆ ಅಂಟಿದೆ, ಎಳೆದರೆ ಖಾದಿ ಹರಿಯುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇವೆ.

ಬರುವಾಗ ಹುಮನಾಬಾದ ಬಜಾರದಿಂದ ಬೇರೆ ಸೂಜಿ ತಾ. ಮತ್ತೇನೂ ತರಬೇಡ.

ಉಂಡಿಲ್ಲ ನಾನು. ನೀನು ಬಂದ ಮೇಲೆ ಕೇಳು.

ಸರ್ವರಿ